ಪೀಟರ್ ಟಾಶ್ ಮತ್ತು ಕೊಡಗಿನ ಲೈನ್ ಮನೆ

1834ನೇ ಇಸವಿಯನ್ನು ಕೊಡಗಿನ ಚರಿತ್ರೆ ಪುಸ್ತಕಗಳು ಒಂದೇ ಕಾರಣಕ್ಕೆ ನೆನೆಯುತ್ತವೆ. ಆ ವರ್ಷ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರ್ಕಾರ ಕೊಡಗನ್ನು ನುಂಗಿತು. ಅದೇ ವರ್ಷ ಆಗಸ್ಟ್ 1ರಂದು ಸಮುದ್ರದಾಚೆಯ ಜಮೈಕಾ ದ್ವೀಪದಲ್ಲಿ, ಆಫ್ರಿಕಾದಿಂದ ಹಿಡಿದು ತಂದು ಕಬ್ಬಿನ ತೋಟಕ್ಕೆ ಕಟ್ಟಿಹಾಕಿದ್ದ ಗುಲಾಮರ ಬಿಡುಗಡೆಯ ಕಾನೂನು ಜಾರಿಗೆ ಬಂತು. ಅದೂ ಅರೆಬರೆ ಬಿಡುಗಡೆ. ಕೆಲಸ ಕಲಿಯುವ ನೆಪದಲ್ಲಿ 1838ರವರೆಗೂ ಅದೇ ಧಣಿಗೆ ಬಿಟ್ಟಿ ದುಡಿಯಬೇಕಿತ್ತು.

ಆ ಕಾನೂನಿನಲ್ಲಿ ಇನ್ನೊಂದು ಮಾತಿತ್ತು: ಈಸ್ಟ್ ಇಂಡಿಯಾ ಕಂಪನಿಯ ಸೀಮೆಗೆ ಇದು ಅನ್ವಯಿಸುವುದಿಲ್ಲ. ಕೊಡಗು ಆ ಸೀಮೆಗೆ ಸೇರಿ ಆಗ ಕೆಲವೇ ತಿಂಗಳು. ಇಲ್ಲಿ ಜಮ್ಮಾ ಭೂಮಿಯ ಜತೆಗೆ ಹೊಲೆಯರನ್ನು, ಯರವರನ್ನು ಜೀತಕ್ಕೆ ಕಟ್ಟಿಹಾಕಿದ್ದರಲ್ಲ, ಅವರ ಸುದ್ದಿಗೆ ಲಂಡನ್ನಿನ ದಯೆ ಬರಲಿಲ್ಲ. 1843ರಲ್ಲಿ ಬಂದ ಕಾನೂನು ಗುಲಾಮಗಿರಿಯನ್ನು ಕೋರ್ಟಿನ ಕಾಗದದಿಂದ ಅಳಿಸಿತು, ಗದ್ದೆಯಿಂದ ಅಳಿಸಲಿಲ್ಲ. 1854ರಲ್ಲಿ ಫೌಲರ್ ಎಂಬ ಬಿಳಿಯ ಮಡಿಕೇರಿಯ ಹತ್ತಿರ ಕಾಫಿ ತೋಟ ಹಾಕಿದ. ಬರಬರುತ್ತಾ ಜೀತಕ್ಕೆ ಹೊಸ ವಿಳಾಸ ಸಿಕ್ಕಿತು: ಲೈನ್ ಮನೆ. ಜೀತ ನಿಷೇಧದ ಕಾನೂನು ಆದದ್ದು 1976ರಲ್ಲಿ. ಅದಾಗಿ 40 ವರ್ಷಕ್ಕೆ, 2016ರ ಡಿಸೆಂಬರ್‌ನಲ್ಲಿ, ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತು ಅವರನ್ನು ಬಯಲಿಗೆ ನೂಕಿದ್ದನ್ನು ನಾವೆಲ್ಲ ಕಂಡಿದ್ದೇವೆ.

ಈ ಎರಡು ತೋಟಗಳನ್ನು ಒಟ್ಟಿಗೆ ನೋಡಿದರೆ ಮಾತ್ರ ರೆಗೆ ಎಂಬ ಸಂಗೀತ ನಮಗೆ ಅರ್ಥವಾಗುತ್ತದೆ. ಮಡಿಕೇರಿಗೆ ಬರುವ ಪ್ರವಾಸಿಗಳ ಅಂಗಿಯ ಮೇಲೆ ಬಾಬ್ ಮಾರ್ಲೆಯ ಚಿತ್ರ ಇರುತ್ತದೆ. ಅಂಗಿ ತೊಟ್ಟವನಿಗೆ ಅದು ಮೋಜು, ಗಾಂಜಾ. ನಮಗೆ ಅದು ತೋಟದ ಚರಿತ್ರೆ.

ಜಮೈಕಾದ ಧಣಿಗಳಿಗೆ ಗುಲಾಮರ ಡೋಲು ಎಂದರೆ ಭಯ. ದಂಗೆಯ ಕರೆ ಅದರಲ್ಲಿದೆ ಅಂತ ಹೆದರುತ್ತಿದ್ದರು. ಆದರೆ ಬುರು ಎಂಬ ಡೋಲನ್ನು ಬಿಟ್ಟಿದ್ದರು. ಯಾಕೆ? ಅದರ ಬಡಿತಕ್ಕೆ ಕೈಗಳು ಬೇಗ ಆಡುತ್ತಿದ್ದವು, ಕೆಲಸ ಜೋರಾಗುತ್ತಿತ್ತು! ಮುಂದೆ ಅದೇ ಬಡಿತ ಕಿಂಗ್‌ಸ್ಟನ್ನಿನ ಕೊಳೆಗೇರಿಗೆ ಬಂದು ರಾಸ್ತಾ ಪಂಥದವರ ಭಜನೆಗೆ ಸೇರಿತು. ಹಳ್ಳಿಯ ಮೆಂಟೊ ಹಾಡು, ರೇಡಿಯೋದಲ್ಲಿ ಕೇಳಿದ ಅಮೆರಿಕದ ಕರಿಯರ ಹಾಡು, ಸ್ಕಾ, ರಾಕ್‌ಸ್ಟೆಡಿ ಎಲ್ಲ ಕೂಡಿ 1968ರ ಸುಮಾರಿಗೆ ರೆಗೆ ಎಂಬ ಹೆಸರು ಬಂತು. ನಮ್ಮ ನೆಲದ ಬೆವರೂ ಆ ದ್ವೀಪದಲ್ಲಿದೆ. 1845ರಿಂದ 1917ರವರೆಗೆ ಸುಮಾರು 36,000 ಭಾರತೀಯರನ್ನು ಕರಾರಿನ ಕೂಲಿಗಳಾಗಿ ಅಲ್ಲಿಗೆ ಸಾಗಿಸಿದ್ದರು. ಗಾಂಜಾ ಎಂಬ ಶಬ್ದ ಜಮೈಕಾಕ್ಕೆ ಹೋದದ್ದೂ ಅವರ ಜತೆಯಲ್ಲೇ.

'ಬೆರಕೆ' ಎಂಬುದನ್ನು ನಮ್ಮಲ್ಲಿ ಬೈಗುಳ ಮಾಡಿಟ್ಟಿದ್ದಾರೆ. ವರ್ಣಸಂಕರ ಅಂತ ಶಾಸ್ತ್ರ ಹೆದರಿಸುತ್ತದೆ. ಸಂಗೀತದಲ್ಲೂ ಶುದ್ಧ, ಅಶುದ್ಧದ ಮಡಿ ಇದೆ. ರೆಗೆ ಈ ಮಡಿಯನ್ನು ಒದ್ದ ಸಂಗೀತ.

ಕಬ್ಬಿನ ಸೀಮೆ ವೆಸ್ಟ್‌ಮೋರ್‌ಲ್ಯಾಂಡ್‌ನಲ್ಲಿ 1944ರಲ್ಲಿ ಹುಟ್ಟಿದ ಪೀಟರ್ ಟಾಶ್, ಬಾಬ್ ಮಾರ್ಲೆ ಮತ್ತು ಬನ್ನಿ ವೇಲರ್ ಜತೆ 1963ರಲ್ಲಿ ವೇಲರ್ಸ್ ತಂಡ ಕಟ್ಟಿದ. ಹಾಡು ಊರೆಲ್ಲ ಹಬ್ಬಿದರೂ ಈ ಹುಡುಗರಿಗೆ ಸಿಗುತ್ತಿದ್ದದ್ದು ಸ್ಟುಡಿಯೋ ಧಣಿ ಕೊಡುವ ವಾರದ ಕೂಲಿ. 1973ರಲ್ಲಿ ಲಂಡನ್ನಿನ ಕಂಪನಿ ಇವರನ್ನು ಜಗತ್ತಿಗೆ ಮಾರತೊಡಗಿತು. ಮೂವರಲ್ಲಿ ಒಬ್ಬನ ಮುಖ ಮುಂದೆ ಬಂತು. ಟಾಶ್, ಬನ್ನಿ ಇಬ್ಬರೂ ಹೊರಬಿದ್ದರು.

1976ರಲ್ಲಿ ಟಾಶ್‌ನ ಮೊದಲ ಒಂಟಿ ಧ್ವನಿಮುದ್ರಿಕೆ ಬಂತು. ಮಾರನೆಯ ವರ್ಷ ಬಂದದ್ದರ ಹೆಸರೇ 'ಈಕ್ವಲ್ ರೈಟ್ಸ್', ಸಮಾನ ಹಕ್ಕು. ದಕ್ಷಿಣ ಆಫ್ರಿಕಾದ ವರ್ಣಭೇದದ ಮೇಲೆ ಅದರಲ್ಲೊಂದು ಹಾಡಿದೆ. ಒಂಟಿಯಾದ ಮೇಲೆ ಅವನು ರೆಗೆಯೊಳಗೆ ರಾಕ್ ಗಿಟಾರ್ ತಂದ. 1983ರಲ್ಲಿ ಚಕ್ ಬೆರಿಯ ರಾಕ್ ಅಂಡ್ ರೋಲ್ ಹಾಡನ್ನೇ ತಿರುಗಿಸಿ ಜಮೈಕಾದ ಹಾಡು ಮಾಡಿದ. 1978ರ ಏಪ್ರಿಲ್ 22ರಂದು ಕಿಂಗ್‌ಸ್ಟನ್ನಿನ ಶಾಂತಿ ಸಂಗೀತ ಸಭೆಯಲ್ಲಿ ಪ್ರಧಾನಿಯೂ ವಿರೋಧ ಪಕ್ಷದ ನಾಯಕನೂ ಎದುರಿಗೆ ಕೂತಿದ್ದರು. ಅವರ ಮುಖಕ್ಕೇ ಬಡವರ ಪಾಡು, ಪೋಲೀಸರ ದಬ್ಬಾಳಿಕೆಯನ್ನು ಎತ್ತಿ ಆಡಿದ. ಅದೇ ವರ್ಷ ಪೋಲೀಸರು ಅವನನ್ನು ಸಾಯುವ ಹಾಗೆ ಬಡಿದರು. 1987ರಲ್ಲಿ ಮನೆಯಲ್ಲೇ ಗುಂಡಿಗೆ ಬಲಿಯಾದ. ಅವನ ಪಂಥ ಇಥಿಯೋಪಿಯಾದ ಚಕ್ರವರ್ತಿಯನ್ನು ದೇವರು ಅಂತ ನಂಬಿತ್ತು. ಅದನ್ನು ನಾವು ಒಪ್ಪಬೇಕಿಲ್ಲ. ಆದರೆ ಧಣಿಯ ಎದುರಿಗೆ ಆಡಿದ ಮಾತನ್ನು ಮರೆಯುವಂತಿಲ್ಲ.

ಈಗ ಕೊಡಗಿಗೆ ಬರೋಣ. ದೇವರಪುರದಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ಕುಂಡೆ ಹಬ್ಬ ಆಗುತ್ತದೆ. ತೋಟಗಳಿಂದ, ಹಾಡಿಗಳಿಂದ ಜೇನು ಕುರುಬರು, ಯರವರು ವೇಷ ಕಟ್ಟಿ ಬರುತ್ತಾರೆ. ಸೋರೆ ಬುರುಡೆ, ಪ್ಲಾಸ್ಟಿಕ್ ಡಬ್ಬ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದು ದೇವರನ್ನೂ ದಾರಿಹೋಕರನ್ನೂ ಹಾಡಿನಲ್ಲಿ ಬೈಯುತ್ತಾರೆ. ಹಬ್ಬ ಮುಗಿದರೆ ಬಾಯಿ ಮುಚ್ಚಿ ತೋಟಕ್ಕೆ ವಾಪಸ್. ಬೈಯಲಿಕ್ಕೆ ವರ್ಷಕ್ಕೊಂದು ಹಬ್ಬ, ದುಡಿಯಲಿಕ್ಕೆ ವರ್ಷವೆಲ್ಲ! ಬುರು ಡೋಲಿಗೆ ಸಿಕ್ಕಿದ್ದೂ ಇಂಥದೇ ಅಪ್ಪಣೆ. ಆ ಬಡಿತವನ್ನು ಅಪ್ಪಣೆಯಿಂದ ಬಿಡಿಸಿ ವರ್ಷವೆಲ್ಲ ಕೇಳುವಂತೆ ಮಾಡಿದ್ದು ರೆಗೆಯವರ ಕೆಲಸ. ನಮ್ಮಲ್ಲಿ ಆ ಕೆಲಸ ಬಾಕಿ ಇದೆ. ಕೊಡಗಿನ ಮದುವೆ, ಸಾವು, ಹಬ್ಬಗಳಿಗೆ ವಾಲಗ ನುಡಿಸುವ ಮೇದರಿಲ್ಲದೆ ಕಳೆ ಇಲ್ಲ. ಆದರೆ ವಾಲಗದವರ ಹೆಸರು ಯಾವ ಕರೆಯೋಲೆಯಲ್ಲಿದೆ?

ಗುಂಪು ಬಿಟ್ಟು ಒಬ್ಬನೇ ಹಾಡಲು ಹೊರಟವನನ್ನು ಕಂಡರೆ ನಮ್ಮ ಸಂಘಟನೆಗಳಲ್ಲೂ ಗೊಣಗುವವರಿದ್ದಾರೆ: ಹೆಸರಿಗಾಗಿ ಹೋದ, ಮಾರಿಕೊಂಡ ಅಂತ. ಮಾರಿಕೊಂಡವರು ಇಲ್ಲವೆಂದಲ್ಲ. ಆದರೆ ನೂರಾರು ವರ್ಷ ಹೆಸರೇ ಇಲ್ಲದೆ ಬಡಿದವರ ಮಗ ತನ್ನ ಹೆಸರಲ್ಲಿ ನಿಂತು ಹಾಡಿದರೆ ಅದೇ ಒಂದು ಬಂಡಾಯ. ಅವನು ಯಾರನ್ನು ಬಿಟ್ಟು ಹೋದ ಎನ್ನುವುದಕ್ಕಿಂತ ಏನನ್ನು ಹೊತ್ತುಕೊಂಡು ಹೋದ ಎಂದು ಕೇಳಬೇಕು. ಟಾಶ್ ಒಂಟಿಯಾಗಿ ಹೋದರೂ ಕಬ್ಬಿನ ತೋಟವನ್ನು ಹೊತ್ತುಕೊಂಡೇ ಹೋದ.

ನಾಳೆ ಲೈನ್ ಮನೆಯ ಹುಡುಗನೋ ಹುಡುಗಿಯೋ ಯರವ ಭಾಷೆಯಲ್ಲಿ, ಅಜ್ಜನ ಡೋಲಿನ ಜತೆಗೆ ಗಿಟಾರ್ ಸೇರಿಸಿ ಒಂಟಿಯಾಗಿ ನಿಂತರೆ 'ಇದು ನಮ್ಮ ಜಾನಪದ ಅಲ್ಲ, ಬೆರಕೆ' ಅಂತ ಓಡಿಸುವವರ ಸಾಲಿನಲ್ಲಿ ನಾವು ಇರಬಾರದು. ಹಳ್ಳಿಯ ಮೇಷ್ಟ್ರುಗಳೇ, ಆ ಮಗು ಈಗ ನಿಮ್ಮ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತು ಮೇಜು ಬಡಿಯುತ್ತಿರಬಹುದು. ಬೈದು ಸುಮ್ಮನಾಗಿಸುವ ಮೊದಲು ಸ್ವಲ್ಪ ಕೇಳಿಸಿಕೊಳ್ಳಿ.