ಸಾಕಿದ ಆಮೆಯ ಕಣ್ಣು ಊದಿಕೊಂಡರೆ ಐ ಡ್ರಾಪ್ಸ್ ಹಾಕಿದರೆ ಸಾಕೇ?

ಸಾಲದು. ಸಾಕಿದ ನೀರಾಮೆಯ ಎರಡೂ ಕಣ್ಣು ಊದಿ ಮುಚ್ಚಿಕೊಂಡಿವೆ ಎಂದರೆ ತೊಂದರೆ ಬಹುತೇಕ ಕಣ್ಣಿನಲ್ಲಿ ಶುರುವಾದದ್ದಲ್ಲ. ಅದು ತಿನ್ನುತ್ತಿರುವ ಆಹಾರದಲ್ಲೋ ಮುಳುಗಿರುವ ನೀರಿನಲ್ಲೋ ಶುರುವಾಗಿ, ಕೊನೆಗೆ ಕಣ್ಣಿನಲ್ಲಿ ಕಾಣಿಸಿಕೊಂಡಿದೆ. ಅವೆರಡನ್ನೂ ಸರಿಪಡಿಸದೆ ಬರೀ ಡ್ರಾಪ್ಸ್ ಹಾಕುತ್ತಿದ್ದರೆ ಆಮೆ ಉಳಿಯುವುದು ಕಷ್ಟ.

ಬೆಂಗಳೂರಿನಿಂದ ಹೊಸಕೋಟೆ, ನಂದಗುಡಿ ಕಡೆಯ ಮನೆಗಳಿಗೆ ಬರುವ ಆಮೆ ಸಾಮಾನ್ಯವಾಗಿ ಒಂದೇ ಜಾತಿಯದು: ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ, ಅಮೆರಿಕ ಮೂಲದ ರೆಡ್ ಇಯರ್ಡ್ ಸ್ಲೈಡರ್. ಅಂಗಡಿಯಲ್ಲಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಮರಿ, ಜೊತೆಗೊಂದು ಪ್ಲಾಸ್ಟಿಕ್ ಬೋಗುಣಿ, ಒಂದು ಡಬ್ಬಿ ಒಣ ಸೀಗಡಿ ಕೊಡುತ್ತಾರೆ. ವಾಸ್ತುವಿಗೆ ಒಳ್ಳೆಯದು ಎಂದು ತಂದವರೂ ಇದ್ದಾರೆ. ಕೆಲವು ತಿಂಗಳಾದ ಮೇಲೆ ಕಣ್ಣು ಊದುತ್ತದೆ.

ಕೆಲವು ತಿಂಗಳಾದ ಮೇಲೇ ಏಕೆ?

ಮೊಟ್ಟೆಯ ಹಳದಿಯಿಂದ ಬಂದ ವಿಟಮಿನ್ ಎ ಮರಿಯ ಲಿವರ್‌ನಲ್ಲಿ ಸ್ವಲ್ಪ ಕಾಲ ಇರುತ್ತದೆ. ಅದು ಮುಗಿದ ಮೇಲೆ ಆಹಾರದಿಂದಲೇ ಸಿಗಬೇಕು. ಒಣ ಸೀಗಡಿ, ಅನ್ನ, ಬ್ರೆಡ್, ಬರೀ ಕೋಳಿ ಮಾಂಸದ ಚೂರು, ಬಿಳಿಚಿಕೊಂಡ ಎಲೆಕೋಸು ಇವುಗಳಲ್ಲಿ ಅದು ಸಾಕಷ್ಟಿಲ್ಲ. ಕಣ್ಣೀರು ಗ್ರಂಥಿ, ಮೂಗು, ಶ್ವಾಸನಾಳಗಳ ಒಳಪದರ ಮೆತ್ತಗೆ ತೇವವಾಗಿರಲು ವಿಟಮಿನ್ ಎ ಬೇಕು. ಕೊರತೆಯಾದರೆ ಆ ಪದರ ಚರ್ಮದ ಹಾಗೆ ಗಡುಸಾಗಿ, ಉದುರಿದ ಕೋಶಗಳು ಗ್ರಂಥಿಯ ನಾಳಗಳನ್ನು ಕಟ್ಟಿಹಾಕುತ್ತವೆ. ರೆಪ್ಪೆ ಊದಿ, ಒಳಗೆ ಬಿಳಿ ಗಸಿ ತುಂಬಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಸೇರಿಕೊಳ್ಳುವುದು ಆಮೇಲೆ. ಡ್ರಾಪ್ಸ್ ಏನಾದರೂ ಮಾಡಿದರೆ ಈ ಕೊನೆಯ ಹಂತಕ್ಕೆ ಮಾತ್ರ.

"ಆಮೆ ತಿಂಗಳುಗಟ್ಟಲೆ ಉಪವಾಸ ಇರುತ್ತೆ ಬಿಡಿ" ಎನ್ನುವ ಮಾತು ಇಲ್ಲಿ ಅಪಾಯಕಾರಿ. ಸ್ಲೈಡರ್ ಬಹುಪಾಲು ಕಣ್ಣಿನಿಂದ ನೋಡಿಯೇ ಆಹಾರ ಹಿಡಿಯುತ್ತದೆ. ಕಾಣದಿದ್ದರೆ ತಿನ್ನುವುದಿಲ್ಲ, ತಿನ್ನದಿದ್ದರೆ ಕೊರತೆ ಇನ್ನೂ ಹೆಚ್ಚುತ್ತದೆ. ಮನೆಯವರು ನಿದ್ದೆ ಮಾಡುತ್ತಿದೆ ಎಂದುಕೊಂಡಿರುತ್ತಾರೆ, ಅದು ಹಸಿದು ಕೂತಿರುತ್ತದೆ.

ನೀರು ಮತ್ತು ಬಿಸಿಲು

ಎರಡನೆಯ ಕಾರಣ ಕೊಳಕು ನೀರು. ಆಮೆ ತಿನ್ನುವುದೂ ವಿಸರ್ಜಿಸುವುದೂ ಅದೇ ನೀರಿನಲ್ಲಿ. ಪುಟ್ಟ ಬೋಗುಣಿಯಲ್ಲಿ ಅಮೋನಿಯಾ ಬೇಗ ಏರಿ ಕಣ್ಣನ್ನು ಉರಿಸುತ್ತದೆ. ನೀರು ತಿಳಿಯಾಗಿ ಕಂಡರೂ ಅದರಲ್ಲಿ ಅಮೋನಿಯಾ ಇರಬಹುದು. ದೊಡ್ಡ ತೊಟ್ಟಿ, ಫಿಲ್ಟರ್, ನಿಯಮಿತವಾಗಿ ನೀರು ಬದಲಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಊಟಕ್ಕೆ ಬೇರೆ ಟಬ್ ಇಟ್ಟರೆ ಅರ್ಧ ಕೆಲಸ ಕಡಿಮೆ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಒಂದು ರಾತ್ರಿ ತೆರೆದಿಟ್ಟು ಬಳಸಿ.

ನೀರು 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಮೈ ಒಣಗಿಸಿಕೊಳ್ಳಲು ಒಂದು ಕಲ್ಲು, ಅದರ ಮೇಲೆ 30 ಡಿಗ್ರಿಗೂ ತುಸು ಹೆಚ್ಚು ಬಿಸಿ ಬೇಕು. ಡಿಸೆಂಬರ್, ಜನವರಿಯ ನಮ್ಮ ಕಡೆಯ ರಾತ್ರಿಗಳಲ್ಲಿ ಹೀಟರ್ ಇಲ್ಲದ ತೊಟ್ಟಿ ಇದಕ್ಕಿಂತ ಬಹಳ ತಣ್ಣಗಾಗುತ್ತದೆ. ತಣ್ಣಗಾದ ಆಮೆಗೆ ಜೀರ್ಣಶಕ್ತಿಯೂ ರೋಗನಿರೋಧಕ ಶಕ್ತಿಯೂ ಕುಗ್ಗುತ್ತವೆ. ಕಿಟಕಿ ಗಾಜಿನ ಹಿಂದೆ ಇಟ್ಟರೆ ಬಿಸಿಲು ಸಿಕ್ಕಿತು ಎಂದುಕೊಳ್ಳಬೇಡಿ. ಬೇಕಾದ ಯುವಿಬಿ ಕಿರಣವನ್ನು ಗಾಜು ತಡೆಯುತ್ತದೆ, ಬಿಸಿಯನ್ನು ಮಾತ್ರ ಒಳಗೆ ಬಿಡುತ್ತದೆ. ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ಹೊರಗಿಡಿ, ಅರ್ಧ ಭಾಗ ನೆರಳಿರಲಿ, ಕಾಗೆ ನಾಯಿಗಳ ಮೇಲೆ ಕಣ್ಣಿರಲಿ.

ಏನು ತಿನ್ನಿಸಬೇಕು?

ದುಬಾರಿ ಸಪ್ಲಿಮೆಂಟ್ ಬೇಕಿಲ್ಲ. ಒಳ್ಳೆಯ ಆಮೆ ಪೆಲೆಟ್ ಮುಖ್ಯ ಆಹಾರವಾಗಿರಲಿ. ಜೊತೆಗೆ ನುಗ್ಗೆ ಸೊಪ್ಪು, ತುರಿದ ಕ್ಯಾರೆಟ್, ಸಿಹಿಗುಂಬಳ, ಗೆಣಸು ಸರದಿಯಲ್ಲಿ ಕೊಡಿ. ಕಣ್ಣಿಗೆ ಒಳ್ಳೆಯದು ಎಂದು ಅಜ್ಜಿಯರು ಹೇಳುವ ಹೊನಗೊನ್ನೆ ಸೊಪ್ಪಿನಲ್ಲೂ ವಿಟಮಿನ್ ಎ ಆಗಿ ಬದಲಾಗುವ ಕ್ಯಾರೊಟಿನ್ ಇದೆ, ಆಗಾಗ ಕೊಡಬಹುದು. ಪಾಲಕ್ ಮಾತ್ರ ದಿನಾ ಬೇಡ, ಅದರ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೋಳಿ ಲಿವರ್ ಕಡಲೆಕಾಳಿನಷ್ಟು, ವಾರಕ್ಕೊಮ್ಮೆಗಿಂತ ಹೆಚ್ಚು ಬೇಡ.

ಕಣ್ಣು ಈಗಾಗಲೇ ಊದಿದ್ದರೆ

ಮೊದಲು ನೋಡಬೇಕಾದದ್ದು ಒಂದು ಕಣ್ಣೋ ಎರಡೋ ಎಂದು. ಒಂದೇ ಕಣ್ಣಾದರೆ ಗಾಯ ಅಥವಾ ಸೋಂಕಿನ ಸಾಧ್ಯತೆ ಹೆಚ್ಚು. ಕಣ್ಣಿನ ಹಿಂದೆ, ಕಿವಿಯ ಜಾಗದಲ್ಲಿ ಗಂಟು ಎದ್ದಿದ್ದರೆ ಅದು ಕೀವುಗಂಟು. ಆಮೆಯ ಕೀವು ಗಿಣ್ಣಿನ ಹಾಗೆ ಗಟ್ಟಿ, ಹಿಂಡಿದರೆ ಬರುವುದಿಲ್ಲ. ವೈದ್ಯರು ಕೊಯ್ದು ತೆಗೆಯಬೇಕು. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಒಂದು ಕಡೆಗೆ ವಾಲಿ ಈಜುವುದು ಕಂಡರೆ ನ್ಯುಮೋನಿಯಾ ಇರಬಹುದು. ಆಗ ನಾಳೆಗೆ ಕಾಯಬೇಡಿ.

ವೈದ್ಯರ ಬಳಿ ಹೋಗುವವರೆಗೆ ಶುದ್ಧವಾದ, ಬೆಚ್ಚಗಿನ, ಕಡಿಮೆ ಆಳದ ನೀರಿನಲ್ಲಿಡಿ. ಮೆಡಿಕಲ್ ಅಂಗಡಿಯ ನಾರ್ಮಲ್ ಸಲೈನ್‌ನಲ್ಲಿ ಹತ್ತಿ ಅದ್ದಿ ರೆಪ್ಪೆಯ ಮೇಲೆ ಮೆಲ್ಲಗೆ ಒರೆಸಬಹುದು. ರೆಪ್ಪೆಯನ್ನು ಬಲವಂತವಾಗಿ ಬಿಡಿಸಬೇಡಿ. ಹರಳೆಣ್ಣೆ, ಅರಿಶಿನ, ಎದೆಹಾಲು, ರೋಸ್ ವಾಟರ್ ಬೇಡ. ಮನೆಯಲ್ಲಿ ಉಳಿದ ಮನುಷ್ಯರ ಡ್ರಾಪ್ಸ್ ಅಂತೂ ಬೇಡವೇ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಹುಣ್ಣು ಮಾಯುವುದಿಲ್ಲ, ಸೋಂಕು ಹೆಚ್ಚುತ್ತದೆ.

ಹೋಬಳಿಯ ಪಶು ಆಸ್ಪತ್ರೆಗೆ ಹೆಚ್ಚಾಗಿ ಬರುವುದು ಹಸು, ಎಮ್ಮೆ, ಕುರಿ. ಹೋಗುವಾಗ ಅಡುಗೆಮನೆಯ ತಕ್ಕಡಿಯಲ್ಲಿ ಆಮೆಯನ್ನು ತೂಗಿ, ಗ್ರಾಂ ಲೆಕ್ಕ ಬರೆದುಕೊಂಡು ಹೋಗಿ. ಏನು ತಿನ್ನುತ್ತಿತ್ತು, ಎಷ್ಟು ದಿನದಿಂದ ಬಿಟ್ಟಿದೆ ಎಂಬುದನ್ನೂ ಹೇಳಿ. ವಿಟಮಿನ್ ಎ ಇಂಜೆಕ್ಷನ್ ಈ ರೋಗಕ್ಕೆ ಮದ್ದು ನಿಜ, ಆದರೆ ಡೋಸ್ ಹೆಚ್ಚಾದರೆ ಕತ್ತು, ಕಾಲುಗಳ ಚರ್ಮ ಸುಲಿದು ಹಸಿ ಗಾಯವಾಗುತ್ತದೆ. ನೂರು ಗ್ರಾಂ ಜೀವಕ್ಕೆ ಅಂದಾಜಿನ ಡೋಸ್ ನಡೆಯುವುದಿಲ್ಲ. ಅನುಮಾನವಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಅಥವಾ ಸರೀಸೃಪಗಳಿಗೆ ಚಿಕಿತ್ಸೆ ಕೊಡುವ ನಗರದ ವೈದ್ಯರ ಬಳಿಗೆ ಕರೆದೊಯ್ಯಿರಿ. ಚೇತರಿಕೆಗೆ ವಾರಗಳು ಬೇಕು, ಎರಡು ದಿನದಲ್ಲಿ ಕಣ್ಣು ತೆರೆಯಲಿಲ್ಲ ಎಂದು ಔಷಧಿ ನಿಲ್ಲಿಸಬೇಡಿ.

ಹೊಲದಲ್ಲಿ ಸಿಕ್ಕ ಆಮೆಯಾದರೆ?

ಕೋಲಾರದ ಕಡೆಯ ಕುರುಚಲು ಕಾಡಿನ ನಕ್ಷತ್ರ ಆಮೆ ಸೊಪ್ಪು ಹುಲ್ಲು ತಿನ್ನುವ ನೆಲದ ಆಮೆ. ಅದರ ಕಣ್ಣು ಊದಲು ವಿಟಮಿನ್ ಎ ಕೊರತೆ ಕಾರಣವಾಗುವುದು ಅಪರೂಪ, ಅಧಿಕ ಡೋಸ್‌ನ ಅಪಾಯ ಮಾತ್ರ ಹೆಚ್ಚು. ಅದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಅದು ಮೊದಲ ಅನುಸೂಚಿಯಲ್ಲಿದೆ. ಕೆರೆ, ಬಾವಿಗಳ ನಮ್ಮ ನೀರಾಮೆಗಳನ್ನೂ ಸಾಕುವಂತಿಲ್ಲ. ಗಾಯಗೊಂಡದ್ದು ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.

ಸ್ಲೈಡರ್ ಸಾಕಲಾಗದಿದ್ದರೆ ಅದನ್ನು ಊರ ಕೆರೆಗೆ ಬಿಡುವುದೂ ಸಲ್ಲದು. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಇದೆ. ಸಾಕುವುದಾದರೆ, ಮುಟ್ಟಿದ ಪ್ರತಿ ಸಲವೂ ಸೋಪು ಹಾಕಿ ಕೈ ತೊಳೆಯಿರಿ, ತೊಟ್ಟಿಯನ್ನು ಅಡುಗೆಮನೆ ಸಿಂಕ್‌ನಲ್ಲಿ ತೊಳೆಯಬೇಡಿ. ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳಿಗೆ ಇದು ಅಂಟುತ್ತದೆಂದೇ ಅಮೆರಿಕದಲ್ಲಿ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು 1975ರಲ್ಲಿ ನಿಷೇಧಿಸಿದರು.