ಕೊನೆ ಹಂತದ ಸರಕು ಸಾಗಾಟದಲ್ಲಿ ಸಣ್ಣ ವಿದ್ಯುತ್ ವಾಹನ: ತುಮಕೂರು ಸೀಮೆ

ಗೋದಾಮಿನಿಂದ ಅಂಗಡಿಗೆ, ಅಂಗಡಿಯಿಂದ ಮನೆಬಾಗಿಲಿಗೆ ಸರಕು ಮುಟ್ಟಿಸುವ ಕೊನೆಯ ಕೆಲವು ಕಿಲೋಮೀಟರಿಗೆ ಬ್ಯಾಟರಿ ಸ್ಕೂಟರು, ಮೂರು ಚಕ್ರದ ಗಾಡಿಗಳನ್ನು ಬಳಸುವ ಪದ್ಧತಿ. ವಿದ್ಯುತ್ ವಾಹನ ನೀತಿಯನ್ನು 2017ರಲ್ಲಿ ದೇಶದಲ್ಲೇ ಮೊದಲು ಪ್ರಕಟಿಸಿದ್ದು ಕರ್ನಾಟಕ. ಅಂದಿನಿಂದ ಚರ್ಚೆಯೆಲ್ಲ ಬೆಂಗಳೂರಿನ ಸುತ್ತಲೇ ನಡೆದಿದೆ. ಆದರೆ ಈ ಗಾಡಿಗೆ ತುಮಕೂರಿನಂಥ ಊರೇ ಹೆಚ್ಚು ಒಗ್ಗುತ್ತದೆ. 2020ರಲ್ಲಿ ಬಂದ ಮಹೀಂದ್ರಾ ಟ್ರಿಯೋ ಜೋರ್ ಗಾಡಿಯ ಬ್ಯಾಟರಿ 7.37 ಯೂನಿಟ್ಟಿನದು, ಹೊರುವ ಭಾರ 550 ಕಿಲೋ. ಹೇರಿನ ಜೊತೆ ನೂರು ಕಿ.ಮೀ.ಗೆ ಕಡಿಮೆ ಓಡಿದರೂ ಮಂಡಿಪೇಟೆ, ಅಂತರಸನಹಳ್ಳಿ, ಕ್ಯಾತಸಂದ್ರಗಳ ನಡುವಿನ ದಿನದ ಸುತ್ತಾಟಕ್ಕೆ ಅದು ಧಾರಾಳ. ಮಂಡಿಪೇಟೆಯಲ್ಲಿ ಮೂಟೆ ಇಳಿಸಲು ಹತ್ತಾರು ಕಡೆ ನಿಲ್ಲುವಾಗ ಡೀಸೆಲ್ ಎಂಜಿನ್ ನಿಂತಲ್ಲೇ ಎಣ್ಣೆ ಕುಡಿಯುತ್ತದೆ. ಮೋಟಾರು ಸುಮ್ಮನಿರುತ್ತದೆ, ಬ್ರೇಕು ಒತ್ತಿದಾಗ ಅಷ್ಟಿಷ್ಟು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ.

ಊರಾಚೆಯ ಹಳ್ಳಿಗಳ ಗತಿಯೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ತುಮಕೂರಿನಿಂದ ಗುಬ್ಬಿ ದಾಟಿ ನಿಟ್ಟೂರಿಗೆ ಹೋಗಿಬರಲು ಸುಮಾರು 60 ಕಿ.ಮೀ. ಬ್ಯಾಟರಿ ತಾಳಬಹುದು, ಆದರೆ ಬಿ.ಎಚ್. ರಸ್ತೆಯ ಲಾರಿಗಳ ನಡುವೆ ನಿಧಾನದ ಗಾಡಿಯನ್ನು ಅಷ್ಟು ದೂರ ಓಡಿಸುವುದು ಅಪಾಯ, ಹೊತ್ತೂ ಹಾಳು. ಕುಣಿಗಲ್ ದಾರಿಗೂ ಇದೇ ಮಾತು. ದೂರದ ಭಾರವನ್ನು ದೊಡ್ಡ ವಾಹನಕ್ಕೇ ಬಿಡಬೇಕು. ಕೆಎಸ್‌ಆರ್‌ಟಿಸಿ 2021ರಲ್ಲಿ ‘ನಮ್ಮ ಕಾರ್ಗೋ’ ಸೇವೆ ಆರಂಭಿಸಿದೆ. ನಿಟ್ಟೂರಿಗೆ ರೈಲು ನಿಲ್ದಾಣವೂ ಇದೆ. ಪಾರ್ಸೆಲ್ಲು ಹಾಗೆ ಬಂದಿಳಿದರೆ, ಸುತ್ತಲ ತೆಂಗು-ಅಡಿಕೆ ಸೀಮೆಯ ಹಳ್ಳಿಗಳಿಗೆ ನಿಟ್ಟೂರಿನದೇ ಒಂದು ಬ್ಯಾಟರಿ ಗಾಡಿ ಸಾಕು.

ಕಲ್ಲಿದ್ದಲಿನ ಕರೆಂಟು ತುಂಬಿಸಿದರೆ ಹೊಗೆ ತುಮಕೂರು ಬಿಟ್ಟು ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರಕ್ಕೆ ಹೋಗುತ್ತದೆ ಅಷ್ಟೇ ಎನ್ನುವವರಿದ್ದಾರೆ. ರಾತ್ರಿ ಚಾರ್ಜಿನ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಆದರೆ ಇದೇ ಜಿಲ್ಲೆಯ ಪಾವಗಡದಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ, 2,050 ಮೆಗಾವ್ಯಾಟ್ ಸೌರ ಪಾರ್ಕು ಇದೆ. ಅದರ ಉತ್ಪಾದನೆ ಏರುವುದು ನಡುಹಗಲಿನಲ್ಲಿ. ಬೆಳಗಿನ ಮತ್ತು ಸಂಜೆಯ ವಿತರಣೆಗಳ ನಡುವೆ ಸರಕು ಗಾಡಿಗೆ ಬಿಡುವು ಸಿಗುವುದೂ ಆಗಲೇ. ಹಾಗಾಗಿ ಬೆಸ್ಕಾಂ ಚಾರ್ಜಿಂಗ್ ಕೇಂದ್ರಗಳು ಹೆದ್ದಾರಿ ಬದಿಗಿಂತ ಮಾರುಕಟ್ಟೆ ಪ್ರಾಂಗಣದ ನೆರಳಿನಲ್ಲಿ ಬೇಕು. ಉಳಿದ ತೊಡಕು ಹಣದ್ದು, ಅದು ಸಣ್ಣದಲ್ಲ. ಓಡಿಸುವ ಖರ್ಚು ಇಳಿದರೂ ಗಾಡಿಯ ಬೆಲೆ ಹೆಚ್ಚು. ವರ್ಷಗಳುರುಳಿದಂತೆ ಬ್ಯಾಟರಿಯ ಕಸುವು ಕುಗ್ಗುತ್ತದೆ. ಹೊಸ ಬ್ಯಾಟರಿಯ ಹೊರೆ ಕಂತು ಕಟ್ಟುವ ಚಾಲಕನ ಹೆಗಲಿಗೇ ಬಿದ್ದರೆ ಡೀಸೆಲ್ಲಿನಲ್ಲಿ ಉಳಿಸಿದ್ದು ಅಲ್ಲಿಗೇ ಹೋಗುತ್ತದೆ. ಬ್ಯಾಟರಿಯನ್ನು ಬಾಡಿಗೆಗೆ ಕೊಟ್ಟು ಬದಲಿಸುವ ವ್ಯವಸ್ಥೆ ಗುಬ್ಬಿ, ಕುಣಿಗಲ್‌ನಂಥ ತಾಲ್ಲೂಕು ಕೇಂದ್ರಗಳಿಗೂ ಬರಬೇಕಾದದ್ದು ಇದಕ್ಕಾಗಿ.