ಸರಪಳಿ ಬಿಚ್ಚಿದ ನಂಬಿಕೆ

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುತ್ತಿದ್ದುದನ್ನು ಬರೀ ಕ್ರೌರ್ಯವೆಂದು ತಳ್ಳಿಹಾಕಿದರೆ ಅದರ ಹಿಂದಿದ್ದ ವಿಚಾರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬುದ್ಧಿಯೇ ಮನುಷ್ಯನ ಲಕ್ಷಣ, ಬುದ್ಧಿ ಕೆಟ್ಟವನು ಪಶುವಿಗೆ ಸಮಾನ ಎಂದು ಆ ಕಾಲದ ಅನೇಕರು ಪ್ರಾಮಾಣಿಕವಾಗಿಯೇ ನಂಬಿದ್ದರು. ಹಾಗೆ ನಂಬಿದವರಿಗೆ ರೋಗಿಯೊಡನೆ ಕೂತು ಮಾತಾಡುವುದು ವ್ಯರ್ಥವೆಂದು ತೋರಿದ್ದು ಸಹಜ. ಮನುಷ್ಯ ಎಂದರೆ ಏನೆಂಬ ತಿಳಿವಳಿಕೆ ಬದಲಾಗದೆ ಚಿಕಿತ್ಸೆ ಬದಲಾಗುವಂತಿರಲಿಲ್ಲ. ಯಾರ್ಕ್ ನಗರದ 'ರಿಟ್ರೀಟ್' ಎಂಬ ಆಶ್ರಯಧಾಮದ ಚರಿತ್ರೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

1790ರಲ್ಲಿ ಹ್ಯಾನಾ ಮಿಲ್ಸ್ ಎಂಬ ವಿಧವೆ ಯಾರ್ಕಿನ ಹುಚ್ಚಾಸ್ಪತ್ರೆ ಸೇರಿದ ಕೆಲವೇ ವಾರಗಳಲ್ಲಿ ತೀರಿಕೊಂಡಳು. ಅವಳು ಕ್ವೇಕರ್ ಎಂಬ ಕ್ರೈಸ್ತ ಪಂಥದವಳು. ನೋಡಲು ಹೋದ ಪಂಥದವರನ್ನು ಆಸ್ಪತ್ರೆ ಒಳಗೆ ಬಿಟ್ಟಿರಲಿಲ್ಲ. ಅದೇ ಪಂಥದ ವಿಲಿಯಂ ಟ್ಯೂಕ್, ವೈದ್ಯನಲ್ಲ, ಚಹಾ ವ್ಯಾಪಾರಿ, ಹಣ ಕೂಡಿಸಿ 1796ರಲ್ಲಿ ರಿಟ್ರೀಟ್ ತೆರೆದ. ಪ್ರತಿಯೊಬ್ಬರೊಳಗೂ ದೇವರ ಬೆಳಕು ಇದೆ ಎಂಬುದು ಕ್ವೇಕರರ ಮೂಲ ನಂಬಿಕೆ. ಹಾಗಿದ್ದ ಮೇಲೆ ಕಾಯಿಲೆ ಅದನ್ನು ಮಂಕಾಗಿಸಬಹುದೇ ಹೊರತು ಆರಿಸಲಾರದು. ಈ ಒಂದು ನಿಲುವು ಕಟ್ಟಡದ ಗೋಡೆ, ಕಿಟಕಿಗಳವರೆಗೂ ಇಳಿಯಿತು. ಕಿಟಕಿಯ ಕಬ್ಬಿಣ ಮರದ ಚೌಕಟ್ಟಿನಂತೆ ಕಾಣುವ ಹಾಗೆ ಮಾಡಿಸಿದರು, ಅಂಗಳದಲ್ಲಿ ಮೊಲ, ಕೋಳಿ ಸಾಕಿದರು, ರೋಗಿಗಳಿಗೆ ಹೊಲಿಗೆ, ತೋಟದ ಕೆಲಸ ಕೊಟ್ಟರು, ಒಳ್ಳೆಯ ಉಡುಪು ತೊಡಿಸಿ ಚಹಾಕೂಟಕ್ಕೆ ಕರೆದರು. ಮೊದಲ ವೈದ್ಯ ಥಾಮಸ್ ಫೌಲರ್ ಆಗ ರೂಢಿಯಲ್ಲಿದ್ದ ಔಷಧಿಗಳನ್ನು ಪರೀಕ್ಷಿಸಿ ನೋಡಿ, ಹೆಚ್ಚಿನವು ನಿಷ್ಪ್ರಯೋಜಕವೆಂದು ಕಂಡು ಕೈಬಿಟ್ಟ.

ಮಾತಿನ ರೀತಿಯೂ ಇದೇ ನಂಬಿಕೆಯಿಂದ ಹುಟ್ಟಿತು. ವಿಷಣ್ಣ ರೋಗಿಯ ಭ್ರಮೆಯನ್ನು ತರ್ಕದಿಂದ ಮುರಿಯಲು ಹೋಗಬಾರದು, ಮನಸ್ಸನ್ನು ಬೇರೆಡೆಗೆ ಹೊರಳಿಸಬೇಕು ಎಂದು ಟ್ಯೂಕನ ಮೊಮ್ಮಗ ಸ್ಯಾಮ್ಯುಯಲ್ 1813ರ ತನ್ನ ಪುಸ್ತಕದಲ್ಲಿ ವಿವರಿಸುತ್ತಾನೆ. ಅಲ್ಲೇ ಒಬ್ಬ ದೈತ್ಯದೇಹಿಯ ಪ್ರಸಂಗ ಬರುತ್ತದೆ. ಸರಪಳಿ ಬಿಗಿದು ಕರೆತಂದಿದ್ದ ಅವನ ಕಟ್ಟು ಬಿಚ್ಚಿ, ಮೇಲ್ವಿಚಾರಕರು ತಮ್ಮ ಜೊತೆಗೇ ರಾತ್ರಿಯೂಟಕ್ಕೆ ಕೂರಿಸಿದರು. ನೀನು ನಿನ್ನನ್ನು ಹಿಡಿತದಲ್ಲಿ ಇಟ್ಟುಕೊಂಡರೆ ಬಲವಂತದ ಅಗತ್ಯವೇ ಬೀಳದು ಎಂದು ತಿಳಿಸಿದರು. ಅವನು ಕೆರಳಿದಾಗ ಮೇಲ್ವಿಚಾರಕ ಅವನ ಕೋಣೆಗೆ ಹೋಗಿ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದ. ಸುಮಾರು ನಾಲ್ಕು ತಿಂಗಳಲ್ಲಿ ಆತ ಗುಣವಾಗಿ ಮನೆಗೆ ಹೋದ. ಇಂದಿನ ಆಪ್ತಸಮಾಲೋಚನೆಯ ಹಳೆಯ ಬೇರುಗಳಲ್ಲೊಂದು ಆ ಕೋಣೆಯಲ್ಲಿದೆ ಎಂದು ನಾನು ಭಾವಿಸುತ್ತೇನೆ.

ರಿಟ್ರೀಟನ್ನು ಹೀಗೆ ಕಾಣುವುದಕ್ಕೆ ದೊಡ್ಡ ಆಕ್ಷೇಪ ಎತ್ತಿದವನು ಫ್ರೆಂಚ್ ಚಿಂತಕ ಮಿಶೆಲ್ ಫೂಕೊ. ಟ್ಯೂಕ್ ಕಬ್ಬಿಣದ ಸರಪಳಿ ತೆಗೆದು ಮನಸ್ಸಿನೊಳಗೇ ಒಬ್ಬ ಕಾವಲುಗಾರನನ್ನು ಕೂರಿಸಿದ, ಭಯದ ಜಾಗ ಬದಲಾಯಿತಷ್ಟೆ ಎಂದು ಅವನು 1961ರಲ್ಲಿ ವಾದಿಸಿದ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಭಯಕ್ಕೂ ಒಂದು ಪಾತ್ರವಿದೆಯೆಂದು ಸ್ಯಾಮ್ಯುಯಲ್ ಸ್ವತಃ ಬರೆದಿದ್ದಾನೆ. ಅಗತ್ಯ ಬಿದ್ದಾಗ ರಿಟ್ರೀಟಿನಲ್ಲೂ ಕಟ್ಟುತ್ತಿದ್ದರು, ಒಂಟಿಯಾಗಿ ಇಡುತ್ತಿದ್ದರು. ಚಹಾಕೂಟದಲ್ಲಿ ಸಭ್ಯವಾಗಿ ನಡೆದುಕೊಳ್ಳಬೇಕೆಂಬ ಒತ್ತಡವೂ ಒತ್ತಡವೇ. ಆದರೂ ಫೂಕೊ ಒಂದು ಅಂತರವನ್ನು ಕಡೆಗಣಿಸಿದನೆಂದೇ ನನ್ನ ಅಭಿಪ್ರಾಯ. ನಾಲ್ಕು ಜನರ ಗೌರವ ಉಳಿಸಿಕೊಳ್ಳಲು ಬಯಸುವವನು ಆ ಗೌರವಕ್ಕೆ ಅರ್ಹನೆಂದು ಮೊದಲೇ ಎಣಿಸಲ್ಪಟ್ಟಿದ್ದಾನೆ. ಗೋಡೆಗೆ ಬಿಗಿದವನಿಗೆ ಅಂಥ ಬಯಕೆ ಇರಬಹುದೆಂದು ಹಳೆಯ ಆಸ್ಪತ್ರೆ ಊಹಿಸಿಯೂ ಇರಲಿಲ್ಲ.

ಹತ್ತಾರು ಜನ, ಬಹುಪಾಲು ಒಂದೇ ಪಂಥದವರು ಇದ್ದ ಮನೆಯಲ್ಲಿ ನಡೆದದ್ದು ಎಲ್ಲೆಡೆ ನಡೆಯದು ಎಂಬ ಇನ್ನೊಂದು ಆಕ್ಷೇಪವೂ ಇದೆ. ಮುಂದಿನ ಚರಿತ್ರೆ ಇದನ್ನು ಬೆಂಬಲಿಸುವಂತೆ ಕಾಣುತ್ತದೆ: 1845ರ ಕಾನೂನು ಪ್ರತಿ ಕೌಂಟಿಯೂ ಆಸ್ಪತ್ರೆ ಕಟ್ಟುವುದನ್ನು ಕಡ್ಡಾಯಗೊಳಿಸಿತು, 1851ರಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳಿಗಾಗಿ ಕಾಲ್ನಿ ಹ್ಯಾಚ್ ಎಂಬ ಆಸ್ಪತ್ರೆ ತೆರೆಯಿತು, ಇಂಥ ಕಡೆ ಪಕ್ಕದಲ್ಲಿ ಕೂತು ಮಾತಾಡುವವರೇ ಸಾಲದಾದರು. ಶತಮಾನದ ಕೊನೆಗೆ ಹುಚ್ಚು ವಂಶದ ಕೊಳೆ, ಗುಣವಾಗದು ಎಂಬ ಸಿದ್ಧಾಂತ ಬಲವಾಯಿತು. ಆದರೆ ರೋಗಿಗಳನ್ನು ಒಬ್ಬೊಬ್ಬರಾಗಿ ಕಾಣಲು ಬೇಕಾದ ಸಿಬ್ಬಂದಿಯನ್ನು ಕೊಡದ ಆಡಳಿತ, ಗುಣವಾಗದಿದ್ದದ್ದಕ್ಕೆ ರೋಗಿಯ ಸ್ವಭಾವವನ್ನೇ ದೂರಿತು. ಆ ತೀರ್ಪು ಅನ್ಯಾಯದ್ದು.